ಆಡುವ ಮಾತು, ಬರೆಯುವ ಮಾತು



ಗೆಳೆಯರು ಕೂಡಿ ಹೊತ್ತು ಹೋಗುವುದೇ ತಿಳಿಯದಂತೆ ಮಾತನಾಡುವುದಕ್ಕೆ ನಮ್ಮ ಕರಾವಳಿಯಲ್ಲಿ ‘ಪಟ್ಟಾಂಗ’ ಎಂಬ ಸೊಗಸಾದ ಹೆಸರಿದೆ. ತುಳುವರು ಅದನ್ನು ‘ಪಾತೆರಕತೆ’ ಎನ್ನುತ್ತಾರೆ. ಕೊಂಕಣಿ ಮನೆಗಳಲ್ಲಿ ಅದು ‘ಗಜಾಲಿ’. ಉಡುಪಿಯ ರಥಬೀದಿಯಲ್ಲಿ, ಕಾಪುವಿನ ಕಡಲತಡಿಯಲ್ಲಿ, ಕಾರ್ಕಳದ ಪೇಟೆಯಲ್ಲಿ, ಮಣಿಪಾಲದ ಕಾಲೇಜುಗಳ ಎದುರಿನ ರಸ್ತೆಯಲ್ಲಿ ಈ ಪಟ್ಟಾಂಗ ಇಂದಿಗೂ ನಡೆಯುತ್ತಲೇ ಇದೆ. ಆದರೆ ಅದರ ಬಹುಭಾಗ ಈಗ ಅಂಗೈಯಗಲದ ಗಾಜಿನ ಮೇಲೆ ನಡೆಯುತ್ತದೆ ಎಂಬುದನ್ನು ನೀವೂ ಬಲ್ಲಿರಿ.

ಇದನ್ನು ಕಂಡು ‘ಹಿಂದೆ ಜನ ಮಾತನಾಡುತ್ತಿದ್ದರು, ಈಗ ಮಾತೇ ಇಲ್ಲ’ ಎಂದು ನಿಟ್ಟುಸಿರು ಬಿಡುವವರು ಅನೇಕರು. ಇತಿಹಾಸವನ್ನು ಸ್ವಲ್ಪ ತಾಳ್ಮೆಯಿಂದ ಪರಿಶೀಲಿಸಿದರೆ ಸಂಗತಿ ಅಷ್ಟು ಸರಳವಲ್ಲವೆಂದು ತಿಳಿಯುತ್ತದೆ. ಸಂಪರ್ಕದ ಹೊಸ ಸಾಧನವೊಂದು ಬಂದಾಗಲೆಲ್ಲ ನಮ್ಮ ಜನ ಅದನ್ನು ತಮ್ಮ ಅಗತ್ಯಕ್ಕೆ ತಕ್ಕಂತೆ ಆರಿಸಿಕೊಂಡಿದ್ದಾರೆ. ಆ ಆಯ್ಕೆಯ ಹಿಂದೆ ನಮ್ಮ ಈ ಭಾಗಕ್ಕೇ ವಿಶೇಷವಾದ ಒಂದು ಕಾರಣವೂ ಇದೆ. ಇಲ್ಲಿನ ಬಹುಸಂಖ್ಯೆಯ ಮನೆಗಳಲ್ಲಿ ಆಡುವ ಭಾಷೆ ಒಂದು, ಬರೆಯುವ ಭಾಷೆ ಇನ್ನೊಂದು. ತುಳುವಿನಲ್ಲಿ ಅಥವಾ ಕೊಂಕಣಿಯಲ್ಲಿ ನಗುವ, ಗದರಿಸುವ, ಸಮಾಧಾನ ಹೇಳುವ ಕುಟುಂಬಗಳು ಶಾಲೆಯಲ್ಲಿ ಕಲಿತದ್ದು ಕನ್ನಡ ಅಕ್ಷರವನ್ನು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಮಾತುಕತೆಯ ಚರಿತ್ರೆಯನ್ನು ಒಮ್ಮೆ ಅವಲೋಕಿಸೋಣ.

ಬಯಲಿನಲ್ಲಿ ನಡೆದ ಮಾತು

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ನಮ್ಮ ಕರಾವಳಿಯಲ್ಲಿ ಸಂಚರಿಸಿದನು. ಚೌಟ ಮನೆತನದ ಉಳ್ಳಾಲದ ರಾಣಿಯನ್ನು ಕಾಣಬೇಕೆಂದು ಅವನು ಹಂಬಲಿಸಿದ್ದನು. ರಾಣಿ ಅವನಿಗೆ ಸಿಂಹಾಸನದ ಮೇಲೆ ಕಾಣಸಿಗಲಿಲ್ಲ. ಗದ್ದೆಗಳಿಗೆ ನೀರು ಹಾಯಿಸುವ ಕಾಲುವೆಯ ಕೆಲಸವನ್ನು ನೋಡಲು ಆಕೆ ಸರಳ ಉಡುಪಿನಲ್ಲಿ, ಕಾಲ್ನಡಿಗೆಯಲ್ಲಿ ಬಯಲಿಗೆ ಹೊರಟಿದ್ದಳು. ಅಲ್ಲಿಯೇ ನಿಂತು, ದುಭಾಷಿಯ ಮೂಲಕ, ಈ ದೂರದೇಶದವನು ಯಾರು, ಎಲ್ಲಿಂದ ಬಂದನು, ಏತಕ್ಕೆ ಊರೂರು ತಿರುಗುತ್ತಿದ್ದಾನೆ ಎಂದು ವಿಚಾರಿಸಿಕೊಂಡಳು.

ಈ ಸಂಭಾಷಣೆ ನಮಗೆ ತಿಳಿದು ಬಂದುದು ಹೇಗೆ? ದೆಲ್ಲಾ ವಾಲ್ಲೆ ತನ್ನ ಪ್ರವಾಸದ ವಿವರಗಳನ್ನೆಲ್ಲ ನೇಪಲ್ಸ್ ನಗರದಲ್ಲಿದ್ದ ಮಾರಿಯೊ ಸ್ಕಿಪಾನೊ ಎಂಬ ವೈದ್ಯಮಿತ್ರನಿಗೆ ಪತ್ರಗಳ ರೂಪದಲ್ಲಿ ಬರೆದನು. ಆ ಪತ್ರಗಳೇ ಮುಂದೆ ಗ್ರಂಥವಾದವು. ಎದುರುಬದುರು ನಿಂತು ಆಡಿದ ಮಾತು ಅಂದೇ ಗಾಳಿಯಲ್ಲಿ ಕರಗಿತು. ಗೆಳೆಯನಿಗೆ ಬರೆದ ಪತ್ರ ನಾಲ್ಕು ಶತಮಾನ ಉಳಿಯಿತು. ಆದರೆ ರಾಣಿ ಆಡಿದ ತುಳು ಮಾತಿನ ಧಾಟಿ ಆ ಪತ್ರದಲ್ಲಿ ಇಲ್ಲ. ಅದು ದುಭಾಷಿಯ ಬಾಯಿಯನ್ನು ದಾಟಿ ಇಟಾಲಿಯನ್ ಭಾಷೆಯಾಗಿಬಿಟ್ಟಿದೆ. ಪತ್ರ ಮಾತನ್ನು ಉಳಿಸುತ್ತದೆ. ಆದರೆ ಅದರ ಧ್ವನಿಯನ್ನು ಕಳೆಯುತ್ತದೆ. ನಮ್ಮೂರಿನ ಮುಂದಿನ ಕಥೆಯಲ್ಲಿಯೂ ಇದೇ ಲಾಭ, ಇದೇ ನಷ್ಟ.

ಕಟ್ಟೆ, ಜಗಲಿ, ಮಳೆಗಾಲ

ಅಕ್ಷರ ಬಲ್ಲವರು ಕೆಲವರೇ ಇದ್ದ ಕಾಲದಲ್ಲಿ ಸುದ್ದಿಗೆ ಕಾಲುಗಳೇ ವಾಹನ. ಅಶ್ವತ್ಥಕಟ್ಟೆ, ಗುತ್ತಿನ ಮನೆಯ ಚಾವಡಿ, ದೋಣಿ ಕಾಯುವ ಕಡವು, ಸಂತೆಯ ಬೀದಿ, ಕ್ಷೌರದಂಗಡಿ, ಸಂಜೆಯ ಗಡಂಗು ಇವೆಲ್ಲ ಸುದ್ದಿ ಕೈಬದಲಾಗುವ ತಾಣಗಳು. ಕಾಪು, ಮಲ್ಪೆಯ ಕಡಲತೀರದಿಂದ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗುತ್ತಿದ್ದ ಮೊಗವೀರ ಹೆಂಗಸರು ಮೀನಿನೊಂದಿಗೆ ಊರಿನ ವಾರ್ತೆಯನ್ನೂ ತಲುಪಿಸುತ್ತಿದ್ದರು. ಯಾರ ಮನೆಯಲ್ಲಿ ಬಾಣಂತಿ, ಯಾರಿಗೆ ಸಂಬಂಧ ಕೂಡಿತು, ಯಾರು ಹಾಸಿಗೆ ಹಿಡಿದರು ಎಂಬುದು ಅಂಗಳದ ತುದಿಯಲ್ಲಿ ತಿಳಿಯುತ್ತಿತ್ತು. ಕಾಪುವಿನ ಬಂಡೆಯ ಮೇಲೆ 1901ರಲ್ಲಿ ದೀಪಸ್ತಂಭ ಎದ್ದಿತು. ಕಡಲಿಗೆ ಹೋದವರಿಗೆ ಅದು ಮಾತಿಲ್ಲದೆಯೇ ದಡದ ಸುದ್ದಿ ಹೇಳಿತು.

ನಮ್ಮ ಕ್ರೈಸ್ತ ಸಮುದಾಯದಲ್ಲಿ ಗುರಿಕಾರರ ವ್ಯವಸ್ಥೆ ಇತ್ತು. ಚರ್ಚಿನ ವಿಷಯವನ್ನು ವಾಡೆಯ ಮನೆಗಳಿಗೆ ತಿಳಿಸುವುದು, ಮನೆಗಳ ಕಷ್ಟಸುಖವನ್ನು ಗುರುಗಳಿಗೆ ತಿಳಿಸುವುದು ಅವರ ಹೊಣೆ. ಚರ್ಚಿನ ಗಂಟೆ ಬಾರಿಸುವ ಬಗೆಯಿಂದಲೇ ಸಾವೋ ಹಬ್ಬವೋ ಎಂದು ಗದ್ದೆಯಲ್ಲಿದ್ದವರು ಅರಿಯುತ್ತಿದ್ದರು. ಕಾರ್ಕಳದ ಅತ್ತೂರಿನಲ್ಲಿ ಜನವರಿಯಲ್ಲಿ ನಡೆಯುವ ಸಂತ ಲಾರೆನ್ಸರ ಮಹೋತ್ಸವಕ್ಕೆ ಎಲ್ಲ ಮತಗಳ ಜನರೂ ಬರುತ್ತಾರೆ. ವರ್ಷಕ್ಕೊಮ್ಮೆ ಮಾತ್ರ ಭೇಟಿಯಾಗುವ ಎಷ್ಟೋ ಗೆಳೆಯರಿಗೆ ಆ ಜಾತ್ರೆಯೇ ಮಾತಿನ ಮನೆ.

ಮಾತು ನಮ್ಮಲ್ಲಿ ಬರಿಯ ಕಾಲಹರಣವಾಗಿರದೆ ಕಲೆಯೂ ಆಯಿತು. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಜಡಿಮಳೆಯ ರಾತ್ರಿಗಳಲ್ಲಿ ತಾಳಮದ್ದಳೆ ನಡೆಯುತ್ತಿತ್ತು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದೊಡನೆ ಅರ್ಥಧಾರಿಗಳು ಎದುರುಬದುರು ಕುಳಿತು ವಾದಿಸಬೇಕು. ಬರೆದಿಟ್ಟ ಸಂಭಾಷಣೆ ಇಲ್ಲದುದರಿಂದ ಎದುರಿನವನು ಏನೆನ್ನುತ್ತಾನೆಂಬುದನ್ನು ಕಿವಿಗೊಟ್ಟು ಕೇಳದೆ ಒಂದು ಮಾತನ್ನೂ ಆಡುವಂತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರೂ ಮಲ್ಪೆಯ ಸಾಮಗ ಸಹೋದರರೂ ಈ ಕಲೆಯಲ್ಲಿ ನಾಡಿಗೇ ಹೆಸರಾದರು. ಗಮನಿಸಿ: ಮನೆಯಲ್ಲಿ ತುಳು ಆಡುವ ರೈತನೂ ಆ ಚಾವಡಿಯಲ್ಲಿ ಕುಳಿತು ಕೇಳಿದ್ದು ಅಚ್ಚ ಕನ್ನಡವನ್ನು. ಶಾಲೆಯ ಮೆಟ್ಟಿಲು ಹತ್ತದವರಿಗೂ ಕನ್ನಡವು ಹೀಗೆ ಕಿವಿಯ ಮೂಲಕ ಒಲಿಯಿತು. ಗಾಂಭೀರ್ಯದ ಭಾಷೆಯಾಗಿ, ಮನೆಯ ಹೊರಗಿನ ಭಾಷೆಯಾಗಿ ಒಲಿಯಿತು.

ಕನ್ನಡ ಸಾಹಿತ್ಯದ ಅತ್ಯಂತ ಪ್ರಿಯವಾದ ಸಲ್ಲಾಪವೂ ನಮ್ಮ ನೆಲದ್ದೇ. ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ 1870ರಲ್ಲಿ ಜನಿಸಿದ ಲಕ್ಷ್ಮೀನಾರಣಪ್ಪನವರು ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದರು. ‘ಮುದ್ದಣ’ ಎಂಬ ಹೆಸರಿನಲ್ಲಿ ಅವರು ರಚಿಸಿದ ‘ಶ್ರೀರಾಮಾಶ್ವಮೇಧಂ’ ಕೃತಿಯಲ್ಲಿ ಮಳೆಗಾಲದ ಹೊತ್ತು ಕಳೆಯಲೆಂದು ಪತಿ ಕಥೆ ಹೇಳುತ್ತಾನೆ. ಪತ್ನಿ ಮನೋರಮೆ ನಡುನಡುವೆ ತಡೆದು ಪ್ರಶ್ನಿಸುತ್ತಾಳೆ, ಅಣಕಿಸುತ್ತಾಳೆ, ತನಗೆ ತಿಳಿಯುವ ಕನ್ನಡದಲ್ಲಿ ಹೇಳೆಂದು ಹಟ ಹಿಡಿಯುತ್ತಾಳೆ. ಈ ಕವಿ ತನ್ನ ಕೃತಿಗಳನ್ನು ಹಳೆಯ ಕಾಲದ ಗ್ರಂಥಗಳೆಂಬ ನೆವದಿಂದ ಮೈಸೂರಿನ ‘ಕಾವ್ಯಮಂಜರಿ’ ಪತ್ರಿಕೆಗೆ ಕಳುಹಿಸಿ ಪ್ರಕಟಿಸಿದರು. 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ ತೀರಿಕೊಂಡ ಅವರು ಬದುಕಿರುವ ತನಕ ತಮ್ಮ ಹೆಸರನ್ನು ಲೋಕಕ್ಕೆ ಸಾರಲಿಲ್ಲ. ಕೇಳುವವಳು ಮರುಮಾತಾಡಿದಾಗಲೇ ಕಥೆ ರುಚಿಗಟ್ಟುತ್ತದೆ ಎಂಬುದನ್ನು ಮಾತ್ರ ನಮಗೆ ಬಿಟ್ಟುಹೋದರು.

ಟಪ್ಪಾಲಿನ ಕಾಲ

ಮನೆಯವರೆಲ್ಲ ಒಂದೇ ಊರಿನಲ್ಲಿ ಇರುವ ತನಕ ಕಟ್ಟೆ ಜಗಲಿಗಳೇ ಸಾಕಾಗಿದ್ದವು. ಮಕ್ಕಳು ದೂರ ಹೋದಾಗ ಕಾಗದ ಬೇಕಾಯಿತು.

ದಕ್ಷಿಣ ಕನ್ನಡ ಜಿಲ್ಲೆ ಅಂದು ಮದ್ರಾಸು ಪ್ರಾಂತಕ್ಕೆ ಸೇರಿತ್ತು. 1854ರ ಅಂಚೆ ಸುಧಾರಣೆಯಿಂದ ಪತ್ರ ಎಷ್ಟು ದೂರ ಹೋದರೂ ತೂಕಕ್ಕೆ ಸರಿಯಾಗಿ ಒಂದೇ ದರ ಎಂಬ ನಿಯಮ ಬಂದಿತು. ಅರ್ಧ ಆಣೆಯ ಚೀಟಿ ಅಂಟಿಸಿದರೆ ಹಗುರವಾದ ಕಾಗದವೊಂದು ದೇಶದ ಯಾವ ಮೂಲೆಗೂ ಹೋಗಬಹುದಾಗಿತ್ತು. 1879ರಲ್ಲಿ ಕಾಲಾಣೆಯ ಅಂಚೆಕಾರ್ಡು, 1880ರಲ್ಲಿ ಮನಿಯಾರ್ಡರು ಬಂದವು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1841ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿತ್ತು. ಹರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಊರ ವರ್ತಮಾನ, ಸರಕಾರದ ಆಜ್ಞೆಗಳು, ಕಥೆಗಳು ಇದ್ದ ಈ ಪಾಕ್ಷಿಕವೇ ಕನ್ನಡದ ಮೊದಲ ಪತ್ರಿಕೆ. ಮಿಷನ್ ಮತ್ತು ಸರಕಾರದ ಶಾಲೆಗಳು ಹೆಚ್ಚಿದಂತೆ ಅಕ್ಷರ ಬಲ್ಲ ಯುವಕರೂ ಹೆಚ್ಚಿದರು.

ಇಪ್ಪತ್ತನೆಯ ಶತಮಾನದ ಆರಂಭದಿಂದ ಉಡುಪಿ ಸುತ್ತಮುತ್ತಲಿನ ಹುಡುಗರು ಮುಂಬಯಿ, ಮದ್ರಾಸುಗಳ ಹೋಟೆಲುಗಳಿಗೆ ಹೊರಟರು. ಮುಂಬಯಿಯ ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ತೆರೆದ ‘ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್’ ಅಂಥ ಅನೇಕ ಸಾಹಸಗಳಲ್ಲಿ ಒಂದು. ಹಗಲು ಲೋಟ ತೊಳೆದು ರಾತ್ರಿಶಾಲೆಯಲ್ಲಿ ಕಲಿತ ಹುಡುಗರು ತಿಂಗಳಿಗೊಮ್ಮೆ ಮನಿಯಾರ್ಡರು ಕಳುಹಿಸುತ್ತಿದ್ದರು. ಆ ಫಾರಮಿನ ಕೆಳತುದಿಯಲ್ಲಿ ನಾಲ್ಕು ಸಾಲು ಬರೆಯಲು ಜಾಗವಿರುತ್ತಿತ್ತು. ಹಣ ಖರ್ಚಾದ ಮೇಲೂ ಆ ಚೂರು ಕಾಗದ ದೇವರ ಪಟದ ಹಿಂದೆ ಭದ್ರವಾಗಿರುತ್ತಿತ್ತು.

ಈಗ ಮೊದಲು ಹೇಳಿದ ವಿಶೇಷಕ್ಕೆ ಬರೋಣ. ಅಕ್ಷರ ಅರಿಯದ ತಾಯಿ ಮಗನಿಗೆ ಪತ್ರ ಬರೆಸಬೇಕಾದರೆ ಶಾಲೆಯ ಮಾಸ್ತರರನ್ನೋ, ಪೋಸ್ಟ್‌ಮ್ಯಾನನನ್ನೋ, ಗುರುಗಳನ್ನೋ ಆಶ್ರಯಿಸಬೇಕಾಗಿತ್ತು. ಆಕೆ ತುಳುವಿನಲ್ಲಿ ಹೇಳುತ್ತಿದ್ದಳು. ಅವರು ಕನ್ನಡದಲ್ಲಿ ಬರೆಯುತ್ತಿದ್ದರು. ತಲೆಬರಹದಲ್ಲಿ ‘ಕ್ಷೇಮ’, ಒಕ್ಕಣೆಯಲ್ಲಿ ಆಶೀರ್ವಾದ, ಮುಂದೆ ‘ಇತ್ತ ನಾವೆಲ್ಲರೂ ಕ್ಷೇಮ, ಅತ್ತ ನಿನ್ನ ಕ್ಷೇಮಕ್ಕೆ ಬರೆಯುತ್ತಿರಬೇಕು’ ಎಂಬ ರೂಢಿಯ ವಾಕ್ಯ. ಎದುರಿಗೆ ಸಿಕ್ಕಿದ್ದರೆ ಆ ತಾಯಿ ಮೊದಲು ಕೇಳುತ್ತಿದ್ದುದು ‘ವನಸ್ ಆಂಡಾ ಮಗಾ?’ ಎಂದು. ಊಟವಾಯಿತೇ ಎಂಬ ಆ ಒಂದು ಪ್ರಶ್ನೆಯಲ್ಲಿ ಆತಂಕ, ಪ್ರೀತಿ, ಸ್ವಲ್ಪ ಗದರಿಕೆ ಎಲ್ಲವೂ ಸೇರಿರುತ್ತಿತ್ತು. ಕಾಗದದಲ್ಲಿ ಅದು ‘ಆರೋಗ್ಯದ ಕಡೆಗೆ ಗಮನ ಕೊಡುವುದು’ ಎಂದಾಗುತ್ತಿತ್ತು. ಮುಂಬಯಿಯಲ್ಲಿ ಅದನ್ನು ಓದಿದ ಮಗ, ಸಾಲಿನ ಕೆಳಗೆ ಅಡಗಿದ ತಾಯಿಯ ಧ್ವನಿಯನ್ನು ತಾನೇ ಊಹಿಸಿಕೊಳ್ಳಬೇಕಾಗಿತ್ತು.

ಬರೆಯುವವರ ಎದುರು ಹೇಳಲಾಗದ ವಿಷಯಗಳೂ ಇರುತ್ತಿದ್ದವು. ಹೊಸದಾಗಿ ಮದುವೆಯಾದ ಹೆಣ್ಣುಮಗಳು ಗಂಡನಿಗೆ ಹೇಳಬೇಕಾದುದನ್ನು ಮಾಸ್ತರರ ಲೇಖನಿಗೆ ಒಪ್ಪಿಸುವುದೆಂತು? ಅದೆಷ್ಟು ಮಾತುಗಳು ಹಾಗೆ ಹೇಳದೆಯೇ ಉಳಿದವೋ ಲೆಕ್ಕವಿಲ್ಲ. ಹಳೆಯ ಪತ್ರಸಂಸ್ಕೃತಿಯನ್ನು ಹೊಗಳುವಾಗ ಈ ಮೂಕತನವನ್ನು ನಾವು ಮರೆಯಬಾರದು.

ಆಡುಮಾತಿಗೆ ಅಕ್ಷರ

ಆಡುವ ಭಾಷೆಯನ್ನೇ ಬರೆಯಬೇಕೆಂದು ಹಂಬಲಿಸಿದವರು ಇರಲಿಲ್ಲವೆಂದಲ್ಲ. ಬಾಸೆಲ್ ಮಿಷನ್ನಿನವರು ತುಳುವಿಗೆ ಕನ್ನಡ ಲಿಪಿಯನ್ನು ಬಳಸಿದರು. ಬ್ರಿಗೆಲ್ಲರ ತುಳು ವ್ಯಾಕರಣ 1872ರಲ್ಲಿಯೂ ಮ್ಯಾನರರ ತುಳು ನಿಘಂಟು 1886ರಲ್ಲಿಯೂ ಹೊರಬಂದವು. ಉಡುಪಿಯಲ್ಲಿ ಎಸ್. ಯು. ಪಣಿಯಾಡಿಯವರು 1928ರಲ್ಲಿ ತುಳು ಮಹಾಸಭೆಯನ್ನು ಕಟ್ಟಿದರು. ಕೊಂಕಣಿಯಲ್ಲಿ ಲುವಿಸ್ ಮಸ್ಕರೇನ್ಹಸರು 1912ರಲ್ಲಿ ‘ಕೊಂಕಣಿ ದಿರ್ವೆಂ’ ಪತ್ರಿಕೆಯನ್ನು ಕನ್ನಡ ಲಿಪಿಯಲ್ಲಿ ಆರಂಭಿಸಿದರು. 1938ರಲ್ಲಿ ‘ರಾಕ್ಣೊ’ ಬಂದಿತು.

ಪತ್ರಿಕೆಯಿಂದ ಪತ್ರಕ್ಕೆ ಮಾದರಿ ದೊರೆಯುತ್ತದೆ. ಪ್ರಾರ್ಥನೆಯ ಪುಸ್ತಕವನ್ನೂ ವಾರಪತ್ರಿಕೆಯನ್ನೂ ಕೊಂಕಣಿಯಲ್ಲಿ ಓದಿ ರೂಢಿಯಾದ ಮನೆಗಳಲ್ಲಿ ಮನೆಯ ಮಾತಿನಲ್ಲೇ ಪತ್ರ ಬರೆಯುವ ಅಭ್ಯಾಸ ಬೆಳೆಯಿತು. ತುಳು ಮನೆಗಳಲ್ಲಿ ಮಾತ್ರ ಬಹುಕಾಲ ಕನ್ನಡವೇ ಪತ್ರದ ಭಾಷೆಯಾಗಿ ಉಳಿಯಿತು. ತುಳುವಿನ ಆಡುಮಾತಿನ ಸಂಪತ್ತನ್ನು ಊರೂರುಗಳಿಂದ ಸಂಗ್ರಹಿಸಿದ ‘ತುಳು ನಿಘಂಟು’ ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಡಾ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರ ನಡುವೆ ಆರು ಸಂಪುಟಗಳಲ್ಲಿ ಪ್ರಕಟವಾಯಿತು. ಕಟ್ಟೆಯ ಮೇಲಿನ ಪದ ಕೊನೆಗೂ ಗ್ರಂಥಾಲಯದ ಕಪಾಟಿಗೆ ಬಂದಿತು.

ಮನೆಬಾಗಿಲಿಗೆ ಬಂದವರು

ಮಣಿಪಾಲ–ಉಡುಪಿಯ ಇತಿಹಾಸದಲ್ಲಿ ಮಾತಿನ ಬೆಲೆಯನ್ನು ಬಲ್ಲ ಒಂದು ಬ್ಯಾಂಕಿನ ಕಥೆಯೂ ಇದೆ. ಡಾ. ಟಿ. ಎಂ. ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಇವರು 1925ರಲ್ಲಿ ಸ್ಥಾಪಿಸಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟರು ಮನೆಬಾಗಿಲಿಗೆ ಬಂದು ಸಂಗ್ರಹಿಸುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದ ನೇಕಾರ, ಗೂಡಂಗಡಿಯವನು, ಬೀಡಿ ಕಟ್ಟುವ ಹೆಂಗಸು ತಮ್ಮದೇ ಭಾಷೆಯಲ್ಲಿ ಮಾತನಾಡುವ ಏಜೆಂಟರನ್ನು ನಂಬಿದರು. ಜಾಹೀರಾತಿನಿಂದ ಆಗದುದು ದಿನನಿತ್ಯದ ಎರಡು ನಿಮಿಷದ ಮಾತಿನಿಂದ ಆಯಿತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

1970ರ ಜನವರಿ 1ರಂದು ಮಣಿಪಾಲದಿಂದ ‘ಉದಯವಾಣಿ’ ಆರಂಭವಾದಾಗ ಹಳ್ಳಿಯ ಸುದ್ದಿಗೆ ಅಚ್ಚಿನಲ್ಲಿ ಸ್ಥಾನ ದೊರೆಯಿತು. ನಿಧನವಾರ್ತೆಯ ಪುಟವನ್ನು ಮೊದಲು ತಿರುವುವ ರೂಢಿ ನಮ್ಮ ಮನೆಗಳಲ್ಲಿ ಬೆಳೆದುದು ಹೀಗೆ. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ತುಳು, ಕೊಂಕಣಿ ಕಾರ್ಯಕ್ರಮಗಳನ್ನೂ ಬಿತ್ತರಿಸಿತು. ಯಂತ್ರದೊಳಗಿಂದ ಮನೆಯ ಭಾಷೆ ಕೇಳಿಬಂದುದು ಎಷ್ಟೋ ಹಿರಿಯರಿಗೆ ಅದೇ ಮೊದಲು. ಇನ್ನೊಂದೆಡೆ, 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಸ್ಥಾಪನೆಯಾದ ಬಳಿಕ ಮಣಿಪಾಲಕ್ಕೆ ದೇಶವಿದೇಶಗಳ ವಿದ್ಯಾರ್ಥಿಗಳು ಬಂದರು. ಅಲ್ಲಿನ ಪಟ್ಟಾಂಗದಲ್ಲಿ ಹಿಂದಿ, ಇಂಗ್ಲಿಷ್, ಮಲಯಾಳಂ ಎಲ್ಲವೂ ಸೇರಿಕೊಂಡವು.

ಧ್ವನಿ ಮರಳಿದ ಬಗೆ

1970ರ ದಶಕದಿಂದ ನಮ್ಮವರು ಕೊಲ್ಲಿ ರಾಷ್ಟ್ರಗಳಿಗೆ ಹೋದರು. ಪತ್ರ ತಲುಪಲು ವಾರಗಳೇ ಹಿಡಿಯುತ್ತಿದ್ದ ಆ ದಿನಗಳಲ್ಲಿ ರಜೆಯಲ್ಲಿ ಬರುವವರ ಪೆಟ್ಟಿಗೆಯೇ ಅಂಚೆಚೀಲ. ನೆರೆಹೊರೆಯವರೆಲ್ಲರ ಪತ್ರಗಳನ್ನು ಅವರು ಹೊತ್ತು ತರುತ್ತಿದ್ದರು, ಮರಳುವಾಗ ಉತ್ತರಗಳನ್ನು ಒಯ್ಯುತ್ತಿದ್ದರು. ಅದೇ ಪೆಟ್ಟಿಗೆಯಲ್ಲಿ ಟೇಪ್ ರೆಕಾರ್ಡರೂ ಬಂದಿತು. ಖಾಲಿ ಕ್ಯಾಸೆಟ್ಟಿನಲ್ಲಿ ಮನೆಯವರೆಲ್ಲ ಸರದಿಯಂತೆ ಮಾತು ತುಂಬಿಸಿ ಕಳುಹಿಸತೊಡಗಿದರು. ತಾಯಿ ತನ್ನ ಭಾಷೆಯಲ್ಲಿ ಮಾತನಾಡಿದಳು. ಹಿನ್ನೆಲೆಯಲ್ಲಿ ಕೋಳಿ ಕೂಗಿತು, ಮಗು ಅತ್ತಿತು. ಮರುಭೂಮಿಯ ಕೋಣೆಯಲ್ಲಿ ಕುಳಿತ ಮಗನಿಗೆ ‘ಕ್ಷೇಮ’ ಎಂಬ ಒಕ್ಕಣೆಗಿಂತ ಆ ಕೋಳಿಯ ಕೂಗು ಹೆಚ್ಚು ಕ್ಷೇಮವನ್ನು ಹೇಳಿತು.

ಫೋನಿನ ಕಥೆ ನಮ್ಮಲ್ಲಿ ಅನೇಕರಿಗೆ ನೆನಪಿದೆ. ಟ್ರಂಕ್ ಕಾಲ್ ಕಾಯ್ದಿರಿಸಿ ಗಂಟೆಗಟ್ಟಲೆ ಕಾಯುವ ಕಾಲ ಒಂದಿತ್ತು. ಕೇಂದ್ರ ಸರಕಾರ 1984ರಲ್ಲಿ ಸ್ಥಾಪಿಸಿದ ಸಿ-ಡಾಟ್ ಸಂಸ್ಥೆ, ಹವಾನಿಯಂತ್ರಣದ ಹಂಗಿಲ್ಲದೆ ಹಳ್ಳಿಯಲ್ಲಿಯೂ ನಡೆಯಬಲ್ಲ ಸಣ್ಣ ಎಕ್ಸ್‌ಚೇಂಜನ್ನು ರೂಪಿಸಿತು. ಅದರ ಮೊದಲ ಪ್ರಯೋಗ 1986ರಲ್ಲಿ ನಮ್ಮ ರಾಜ್ಯದ ಕಿತ್ತೂರಿನಲ್ಲಿ ನಡೆಯಿತು. ಅನಂತರ ಪೇಟೆಪೇಟೆಗಳಲ್ಲಿ ಹಳದಿ ಫಲಕದ ಎಸ್‌ಟಿಡಿ ಬೂತುಗಳು ಎದ್ದವು. ದರ ಇಳಿಯುವ ರಾತ್ರಿ ಹೊತ್ತನ್ನು ಕಾದು ಜನ ಸಾಲುಗಟ್ಟುತ್ತಿದ್ದರು. ವಾಡೆಗೊಂದೇ ಫೋನಿದ್ದಾಗ ಮದುವೆಯ ಕಾಗದಗಳಲ್ಲಿಯೂ ‘ಪಿ.ಪಿ.’ ಎಂದು ಬರೆದು ನೆರೆಮನೆಯ ನಂಬರನ್ನು ಕೊಡುವುದಿತ್ತು. ಕರೆ ಬಂದೊಡನೆ ಗದ್ದೆಯ ಬದುವಿನ ಮೇಲೆ ಓಡಿ ಬಂದು ಹೇಳುವ ಮಕ್ಕಳಿದ್ದರು. ಅಕ್ಕಪಕ್ಕದವರ ಸುಖದುಃಖಕ್ಕೆ ಆ ಮನೆಯವರು ಅನಿವಾರ್ಯವಾಗಿ ಸಾಕ್ಷಿಗಳಾಗುತ್ತಿದ್ದರು.

ಫೋನಿನಲ್ಲಿ ತುಳುವೂ ಕೊಂಕಣಿಯೂ ಸಲೀಸಾಗಿ ಹರಿದವು. ಕಾಗದದ ಕಡೆಗೆ ಜನರ ಒಲವು ಕುಗ್ಗಿದ್ದಕ್ಕೆ ಸೋಮಾರಿತನವೊಂದೇ ಕಾರಣವೆಂದು ನಾನು ಭಾವಿಸುವುದಿಲ್ಲ. ತಮ್ಮದೇ ಮಾತಿನಲ್ಲಿ, ನಡುವೆ ಯಾರ ಲೇಖನಿಯೂ ಇಲ್ಲದೆ, ತಮ್ಮವರೊಡನೆ ಮಾತನಾಡುವ ಅವಕಾಶ ಅವರಿಗೆ ಮೊದಲ ಬಾರಿಗೆ ದೊರಕಿತ್ತು. 1995ರ ಜುಲೈ 31ರಂದು ಭಾರತದಲ್ಲಿ ಮೊಬೈಲ್ ಕರೆ ಆರಂಭವಾಯಿತು. ಬಾಗಿಲಲ್ಲಿ ಕೂಗು ಕೇಳಿದೊಡನೆ ಎದೆ ನಡುಗಿಸುತ್ತಿದ್ದ ತಂತಿ 2013ರ ಜುಲೈ 15ಕ್ಕೆ ಕೊನೆಗೊಂಡಿತು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸಹ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು.

ಆಮೇಲೆ ವಾಟ್ಸಾಪ್ ಬಂದಿತು. ಯುವಕರು ತುಳುವನ್ನೂ ಕೊಂಕಣಿಯನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯತೊಡಗಿದರು. ನೋಡಲು ಅದು ವಿಚಿತ್ರ. ಆದರೆ ಹಿಂದಿನ ತಲೆಮಾರು ಪತ್ರದಲ್ಲಿ ಬಳಸಲು ಸಂಕೋಚಪಟ್ಟ ಮನೆಮಾತನ್ನು ಈ ತಲೆಮಾರು ಸಂಕೋಚವಿಲ್ಲದೆ ಬರೆಯುತ್ತಿದೆ ಎಂಬುದೂ ಸತ್ಯ. 2013ರಲ್ಲಿ ಧ್ವನಿಸಂದೇಶದ ಸೌಲಭ್ಯ ಬಂದಾಗ ಅಕ್ಷರವೇ ಬೇಡವಾಯಿತು. ಟೈಪು ಮಾಡಲು ಬಾರದ ಅಜ್ಜಿ ಗುಂಡಿ ಒತ್ತಿಹಿಡಿದು ‘ವನಸ್ ಆಂಡಾ ಮಗಾ?’ ಎಂದು ಕೇಳುತ್ತಾಳೆ. ಮಾಸ್ತರರ ಲೇಖನಿ ತಡೆದಿದ್ದ ಆ ಪ್ರಶ್ನೆ ಕ್ಷಣಮಾತ್ರದಲ್ಲಿ ದುಬೈಗೂ ಟೊರಾಂಟೊಗೂ ತಲುಪುತ್ತದೆ. 2024ರ ಜೂನ್ ತಿಂಗಳಲ್ಲಿ ಗೂಗಲ್ ಅನುವಾದಕ್ಕೆ ತುಳು ಸೇರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ತುಳು–ತಿಗಳಾರಿ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆಯಿತು. 2011ರ ಜನಗಣತಿಯಂತೆ 18,46,427 ಜನರ ಮಾತೃಭಾಷೆಯಾದ ತುಳುವಿಗೆ ಇದು ಸಣ್ಣ ಗೌರವವಲ್ಲ.

ಉಳಿದ ಪ್ರಶ್ನೆ

ಹಾಗಾದರೆ ಕೊರಗುವುದಕ್ಕೆ ಏನೂ ಇಲ್ಲವೇ? ಇದೆ, ಓದುಗರೇ.

ಮೊದಲನೆಯದು, ಉಳಿಯುವಿಕೆಯ ಪ್ರಶ್ನೆ. ಹಳೆಯ ಟ್ರಂಕಿನಲ್ಲಿ ಅಜ್ಜನ ಕಾರ್ಡುಗಳು ಇಂದಿಗೂ ಸಿಗುತ್ತವೆ. ಇಂದು ನಾವು ಆಡುತ್ತಿರುವ ಮಾತು ಫೋನು ಬದಲಾದೊಡನೆ ಅಳಿದುಹೋಗುತ್ತದೆ. ದಿನಕ್ಕೆ ನೂರು ಸಂದೇಶ ಕಳುಹಿಸುವ ನಮ್ಮ ತಲೆಮಾರು ಮೊಮ್ಮಕ್ಕಳಿಗೆ ಒಂದು ಸಾಲನ್ನೂ ಬಿಟ್ಟುಹೋಗದಿರಬಹುದು.

ಎರಡನೆಯದು, ಮರುಮಾತಿನ ಪ್ರಶ್ನೆ. ಧ್ವನಿಸಂದೇಶದಲ್ಲಿ ಒಬ್ಬರು ಹೇಳಿ ಮುಗಿಸುತ್ತಾರೆ; ಇನ್ನೊಬ್ಬರು ತಮಗೆ ಬಿಡುವಾದಾಗ ಕೇಳುತ್ತಾರೆ, ಹೆಬ್ಬೆರಳಿನ ಚಿತ್ರವೊಂದನ್ನು ಒತ್ತಿ ಮುಗಿಸುತ್ತಾರೆ. ಮನೋರಮೆಯಂತೆ ನಡುವೆ ತಡೆದು ಕೇಳುವವರಿಲ್ಲ. ಅರ್ಥಧಾರಿಯಂತೆ ಎದುರಿನವರ ಮಾತಿಗೆ ಕಾಯುವವರಿಲ್ಲ. ದೊಡ್ಡ ಮನೆಗಳಲ್ಲಿ ಇಬ್ಬರೇ ಉಳಿದಿರುವ ವೃದ್ಧ ದಂಪತಿಗಳು ನಮ್ಮ ಊರುಗಳಲ್ಲಿ ಎಷ್ಟು ಮಂದಿ ಇದ್ದಾರೆಂಬುದು ನಿಮಗೆ ಗೊತ್ತು. ಅವರ ಫೋನಿಗೆ ಪ್ರತಿದಿನ ಹೂವಿನ ಚಿತ್ರದ ಶುಭೋದಯ ಬರುತ್ತದೆ. ಅವರಿಗೆ ಬೇಕಾದುದು ಅವಸರವಿಲ್ಲದ ಹತ್ತು ನಿಮಿಷ.

ಮೂರನೆಯದು, ಸಮೀಪದ ಪ್ರಶ್ನೆ. 2020ರ ಮಾರ್ಚ್ 25ರಂದು ದೇಶವೇ ಮನೆಯೊಳಗೆ ಮುಚ್ಚಿಕೊಂಡಾಗ ಪೂಜೆಯನ್ನೂ ಅಂತ್ಯಸಂಸ್ಕಾರವನ್ನೂ ಫೋನಿನಲ್ಲಿ ನೋಡಬೇಕಾಯಿತು. ಆ ಸೌಲಭ್ಯಕ್ಕೆ ನಾವು ಕೃತಜ್ಞರಾಗಿಯೇ ಇದ್ದೆವು. ಆದರೂ ಶವದ ಬಳಿ ಕುಳಿತು ಕೈಹಿಡಿಯಲಾಗದ ದುಃಖ ಇನ್ನೂ ಅನೇಕ ಮನೆಗಳಲ್ಲಿ ಮಾಸಿಲ್ಲ. ಕೆಲವು ಮಾತುಗಳಿಗೆ ಮನುಷ್ಯನ ಇರುವಿಕೆಯೇ ಬೇಕೆಂಬುದನ್ನು ಅಂದು ನಾವೆಲ್ಲರೂ ಕಲಿತೆವು.

ಈ ವಿವೇಕ ನಮ್ಮ ಹಿರಿಯರಿಗೆ ಮೊದಲೇ ಇತ್ತು. ಯಾವ ಮಾತಿಗೆ ಯಾವ ದಾರಿ ಎಂಬುದನ್ನು ಅವರು ಬಲ್ಲವರಾಗಿದ್ದರು. ಮದುವೆಯ ಕಾಗದ ಅಂಚೆಯಲ್ಲಿ ಬಂದರೂ, ಇಂದು ಫೋನಿನಲ್ಲಿ ಬಂದರೂ, ‘ಮನೆಗೆ ಬಂದು ಹೇಳಿಕೆ ಕೊಟ್ಟಿಲ್ಲ’ ಎಂಬ ಬೇಸರ ನಮ್ಮಲ್ಲಿ ಏಕೆ ಉಳಿದಿದೆ? ಹೊಸ್ತಿಲಿಗೆ ಬಂದು, ಚಾಪೆಯ ಮೇಲೆ ಕುಳಿತು, ಬೆಲ್ಲ ನೀರು ಕುಡಿದು, ಎಲೆಯಡಿಕೆ ಮೆದ್ದು ಆಡಿದ ಮಾತಿಗೆ ಬೇರೆಯೇ ತೂಕ ಇರುವುದರಿಂದ. ದಿನನಿತ್ಯದ ಕ್ಷೇಮಕ್ಕೆ ಫೋನು ಸಾಕು. ಕ್ಷಮೆ ಬೇಡಲು, ಮುರಿದ ಸ್ನೇಹವನ್ನು ಕೂಡಿಸಲು, ಸತ್ತವರ ಮನೆಯವರನ್ನು ಸಂತೈಸಲು ಹೆಜ್ಜೆ ಹಾಕಿ ಹೋಗಬೇಕು. ಎದುರಿಗೆ ಹೇಳಲು ಗಂಟಲು ಕಟ್ಟುವಂಥದನ್ನು ಇಂದಿಗೂ ಕಾಗದದಲ್ಲಿ ಬರೆಯಬಹುದು. ಅಂಚೆಕಾರ್ಡು ಇಂದಿಗೂ 50 ಪೈಸೆಗೆ ಸಿಗುತ್ತದೆ.

ಆದುದರಿಂದ ಈ ತಿಂಗಳು ಮೂರು ಚಿಕ್ಕ ಕೆಲಸಗಳನ್ನು ಮಾಡಲು ನಿಮ್ಮಲ್ಲಿ ವಿನಂತಿಸುತ್ತೇನೆ. ಅಟ್ಟದ ಪೆಟ್ಟಿಗೆಯಲ್ಲಿರುವ ಹಳೆಯ ಪತ್ರಗಳನ್ನು ಗೆದ್ದಲಿಗೆ ಬಿಡದೆ ಮಕ್ಕಳ ಕೈಯಲ್ಲಿ ಓದಿಸಿ. ಮನೆಯ ಹಿರಿಯರ ಮಾತನ್ನು, ಅವರದೇ ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡದಲ್ಲಿ, ಅದೇ ಫೋನಿನಲ್ಲಿ ದಾಖಲಿಸಿ ಜೋಪಾನವಾಗಿಡಿ. ಮತ್ತು ಬಹುಕಾಲದಿಂದ ಸಂದೇಶಗಳಲ್ಲಿ ಮಾತ್ರ ಭೇಟಿಯಾಗುತ್ತಿರುವ ಗೆಳೆಯರೊಬ್ಬರ ಮನೆಗೆ, ಯಾವ ಕಾರಣವೂ ಇಲ್ಲದೆ, ಒಂದು ಸಂಜೆ ಹೋಗಿ ಬನ್ನಿ. ಮಾತು ಎಲ್ಲಿಂದ ಆರಂಭಿಸಬೇಕೆಂಬ ಚಿಂತೆ ಬೇಡ. ಊಟವಾಯಿತೇ ಎಂದು ಅವರೇ ಕೇಳುತ್ತಾರೆ.